ಹಾಡಿದವರ ಪಾಲು: ಸಾಗರ, ಹೊಸನಗರ, ತೀರ್ಥಹಳ್ಳಿಗಳ ನೆಲೆಯಿಂದ ಸುಗಮ ಸಂಗೀತದ ಒಂದು ವಿಮರ್ಶೆ

ಕನ್ನಡದ ಸುಗಮ ಸಂಗೀತವನ್ನು ಕುರಿತು ಈವರೆಗೆ ಬಂದಿರುವ ಬರೆಹಗಳನ್ನು ಓದುವವನಿಗೆ ಒಂದು ಸಂಗತಿ ಎದ್ದು ಕಾಣದಿರದು. ಅವುಗಳಲ್ಲಿ ಮೊದಲ ಮಣೆ ಕವಿಗೆ; ಎರಡನೆಯದು ರಾಗಸಂಯೋಜನೆ ಮಾಡಿದವನಿಗೆ; ಹಾಡಿದವರಿಗೆ ಮಿಕ್ಕ ಜಾಗ. ಬಾನುಲಿಯಲ್ಲಿ ರಚನೆ, ಸಂಯೋಜನೆ, ಗಾಯನ ಎಂದು ಹೆಸರುಗಳನ್ನು ಸಾರುವ ಕ್ರಮವೇ ವಿಮರ್ಶೆಯ ಕ್ರಮವೂ ಆಗಿ ಪರಿಣಮಿಸಿದೆ. ಗಾಯಕನೊಬ್ಬನನ್ನು ಹೊಗಳಬೇಕಾದಾಗ ನಮ್ಮವರು ಬಳಸುವ ಅತ್ಯುಚ್ಚ ಪ್ರಶಂಸೆಯೆಂದರೆ ಆತ ‘ಸಾಹಿತ್ಯಕ್ಕೆ ನ್ಯಾಯ ಒದಗಿಸಿದ’ನೆಂಬುದು. ನ್ಯಾಯ ಒದಗಿಸುವವನು ಆಸ್ತಿಯ ಒಡೆಯನಲ್ಲ. ಬೇರೊಬ್ಬನ ಆಸ್ತಿಯನ್ನು ಕೆಡದಂತೆ ಕಾದು ಕೊಟ್ಟವನು ಮಾತ್ರ. ಈ ಎಣಿಕೆ ಇತಿಹಾಸದ ಕಣ್ಣಿಗೆ ಒಪ್ಪತಕ್ಕುದಲ್ಲವೆಂಬುದು ಪ್ರಕೃತ ಲೇಖನದ ಪ್ರತಿಪಾದನೆ. ಪುಸ್ತಕದಲ್ಲಿರುವ ಕವಿತೆ ಬೇರೆ, ಜನರ ಬಾಯಲ್ಲಿರುವ ಹಾಡು ಬೇರೆ. ಎರಡನೆಯದರ ಕರ್ತೃತ್ವದಲ್ಲಿ ಹಾಡಿದವರಿಗೆ ಪಾಲುಂಟು, ಕೆಲವು ಸಂದರ್ಭಗಳಲ್ಲಿ ಹಿರಿಯ ಪಾಲೇ ಉಂಟು.

ಈ ವಾದವನ್ನು ಪರೀಕ್ಷಿಸಲು ಶಿವಮೊಗ್ಗೆ ಜಿಲ್ಲೆಯ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳನ್ನು ಆರಿಸಿಕೊಂಡಿರುವುದು ಬರಿಯ ಊರಭಿಮಾನದಿಂದಲ್ಲ (ಅದು ಸ್ವಲ್ಪ ಉಂಟೆಂಬುದನ್ನೂ ಅಲ್ಲಗಳೆಯಲಾರೆ). ಸುಗಮ ಸಂಗೀತದಲ್ಲಿ ಅತ್ಯಂತ ಹೆಚ್ಚಾಗಿ ಹಾಡಲ್ಪಟ್ಟ ಕವಿಗಳಲ್ಲೊಬ್ಬರಾದ ಕುವೆಂಪು ಬೆಳೆದುದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ಅವರ ಕವಿತೆಗಳನ್ನು ಮನೆಮನೆಗೆ ಮುಟ್ಟಿಸಿದ ಗಾಯಕರಲ್ಲಿ ಅಗ್ರಗಣ್ಯರಾದ ಶಿವಮೊಗ್ಗ ಸುಬ್ಬಣ್ಣ 1938ರಲ್ಲಿ ಜನಿಸಿದುದು ಹೊಸನಗರ ತಾಲ್ಲೂಕಿನ ನಗರದಲ್ಲಿ, ಎಂದರೆ ಕೆಳದಿ ಅರಸರ ಹಳೆಯ ರಾಜಧಾನಿಯಾದ ಬಿದನೂರಿನಲ್ಲಿ. ಸಾಗರ ತಾಲ್ಲೂಕಿನ ಜೋಗವಂತೂ ಕೆ. ಎಸ್. ನಿಸಾರ್ ಅಹಮದರ ‘ನಿತ್ಯೋತ್ಸವ’ದ ಮೂಲಕ ಕನ್ನಡಿಗರೆಲ್ಲರ ನಾಲಗೆಯ ಮೇಲೆ ನಿಂತಿದೆ. ಕವಿ ಒಂದು ತಾಲ್ಲೂಕಿನವರು, ಗಾಯಕ ಮತ್ತೊಂದರವರು, ವರ್ಣ್ಯವಸ್ತು ಮೂರನೆಯದರದು. ಹೀಗಿದ್ದೂ ಈ ಹಾಡುಗಳು ಇಲ್ಲಿಂದ ನೇರವಾಗಿ ಇಲ್ಲಿಗೆ ಬಂದವಲ್ಲ. ಮೈಸೂರು ಬೆಂಗಳೂರುಗಳನ್ನು ಸುತ್ತಿ, ತಟ್ಟೆಗೋ ತರಂಗಕ್ಕೋ ಏರಿ, ಬೇರೆ ರೂಪವನ್ನು ತಾಳಿ ಊರಿಗೆ ಮರಳಿದವು. ಆ ರೂಪಾಂತರದ ನಡುವೆ ನಿಂತವರು ಹಾಡುಗಾರರು.

ಸುಗಮ ಸಂಗೀತವೆಂಬ ಹೆಸರು ಹುಟ್ಟುವುದಕ್ಕೆ ಮೊದಲು ಈ ಭಾಗದ ಜನ ಸಂಗೀತವಿಲ್ಲದೆ ಇದ್ದವರಲ್ಲ. ಸುಗ್ಗಿ ಮುಗಿದ ಬಳಿಕ ಘಟ್ಟದ ಕೆಳಗಿನಿಂದ ಬರುತ್ತಿದ್ದ ಯಕ್ಷಗಾನ ಮೇಳಗಳ ಆಟಗಳಿಗೆ ಅವರು ದೊಂದಿ ಹಿಡಿದು ಕಾಡುದಾರಿಯಲ್ಲಿ ನಡೆದು ಹೋಗುತ್ತಿದ್ದರು. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ, ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ ವರ್ಷಕ್ಕೊಮ್ಮೆ. ಜಾತ್ರೆಯೆಂದರೆ ಕಂಪೆನಿ ನಾಟಕ, ನಾಟಕವೆಂದರೆ ಹಾಡು. ಇಲ್ಲಿ ಗಮನಿಸಬೇಕಾದುದು ಇಷ್ಟೆ: ಆಟಕ್ಕೆ ಹೊರಟವನು ‘ಇಂದು ಯಾವ ಪ್ರಸಂಗ’ ಎಂದು ಕೇಳುವಷ್ಟೇ ಸಹಜವಾಗಿ ‘ಭಾಗವತರು ಯಾರು’ ಎಂದೂ ಕೇಳುತ್ತಿದ್ದನು. ಪ್ರಸಂಗವನ್ನು ಬರೆದ ಕವಿಯ ಹೆಸರನ್ನು ಕೇಳಿದವರು ವಿರಳ. ಅಂದರೆ ಈ ಕೇಳುಗರ ಸಹಜ ವಿವೇಕದಲ್ಲಿ ಹಾಡು ಹಾಡಿದವನದು. ಸುಗಮ ಸಂಗೀತದ ವಿಮರ್ಶೆ ಈ ವಿವೇಕವನ್ನು ತಲೆಕೆಳಗು ಮಾಡಿ, ಅದನ್ನೇ ಸಂಸ್ಕಾರವೆಂದು ಕರೆಯಿತು.

ಪಾಂಡೇಶ್ವರ ಕಾಳಿಂಗರಾಯರು (1914–1981) ಇಂಥ ಲೋಕದಿಂದಲೇ ಬಂದವರು. ಉಡುಪಿ ಸೀಮೆಯ ಆರೂರಿನಲ್ಲಿ, ಯಕ್ಷಗಾನ ಕಲಾವಿದರ ಮನೆಯಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ನಾಟಕ ಮಂಡಳಿಯನ್ನು ಸೇರಿ, ರಂಗದ ಮೇಲೆ ಕಂಠವನ್ನು ಬೆಳೆಸಿಕೊಂಡವರು. ಅವರನ್ನು ‘ಸುಗಮ ಸಂಗೀತದ ಪಿತಾಮಹ’ರೆಂದು ಕರೆಯುವುದು ವಾಡಿಕೆ. ಪಿತಾಮಹರೆಂದು ಕರೆದು ಕೈಮುಗಿದುಬಿಟ್ಟರೆ ವಿಚಾರ ಮಾಡುವ ಹೊಣೆ ತಪ್ಪುತ್ತದೆಂದೋ ಏನೋ, ಅವರು ನಿಜವಾಗಿ ಏನು ಮಾಡಿದರೆಂಬುದನ್ನು ವಿವರಿಸಿದವರು ಕಡಿಮೆ.

ಅವರು ಹಾಡಿದುದರ ಪಟ್ಟಿಯನ್ನೊಮ್ಮೆ ನೋಡಬೇಕು. ಧಾರವಾಡದ ಬೇಂದ್ರೆಯವರ ಕವಿತೆ, ಹಳೆಯ ಮೈಸೂರಿನ ಗ್ರಾಮ್ಯದಲ್ಲಿ ಜಿ. ಪಿ. ರಾಜರತ್ನಂ ಕಟ್ಟಿದ ರತ್ನನ ಪದ, ಗದುಗಿನ ಹುಯಿಲಗೋಳ ನಾರಾಯಣರಾಯರ ನಾಡಗೀತೆ, ಪುರಂದರದಾಸರ ಪದ, ಕುಣಿಗಲ್ಲಿನ ಕೆರೆಯನ್ನು ಕುರಿತ ಜನಪದ ಹಾಡು. ಇವೆಲ್ಲ ಒಂದೇ ಕಂಠದಿಂದ, ಒಂದೇ ಸಂಜೆ, ಒಂದೇ ಸಭೆಯಲ್ಲಿ ಹೊರಟವು. ಅಂದಿನ ರಾಜಕೀಯ ನಕ್ಷೆಯನ್ನು ಮುಂದಿಟ್ಟುಕೊಂಡರೆ ಇದರ ಅರ್ಥ ಹೊಳೆಯುತ್ತದೆ. ಧಾರವಾಡ ಮುಂಬಯಿ ಪ್ರಾಂತದಲ್ಲಿ, ಉಡುಪಿ ಮದರಾಸು ಪ್ರಾಂತದಲ್ಲಿ, ಮಲೆನಾಡು ಮೈಸೂರು ಸಂಸ್ಥಾನದಲ್ಲಿ ಇದ್ದ ಕಾಲವದು. 1956ರ ನವೆಂಬರ್ 1ರಂದು ಏಕೀಕರಣವಾಗುವುದಕ್ಕೆ ಮುಂಚೆಯೇ ಏಕೀಕೃತವಾದ ಒಂದು ಕನ್ನಡ ಸೀಮೆ ಈ ಗಾಯಕರ ಹಾಡಿಕೆಯಲ್ಲಿ ಕೇಳಿಸುತ್ತಿತ್ತು. ಏಕೀಕರಣದ ಇತಿಹಾಸವನ್ನು ಸಭೆಗಳ ನಿರ್ಣಯಗಳಿಂದಲೂ ಆಯೋಗಗಳ ವರದಿಗಳಿಂದಲೂ ಬರೆಯುವ ನಾವು, ನನ್ನನ್ನೂ ಸೇರಿಸಿ, ಈ ಸಾಕ್ಷ್ಯವನ್ನು ಕಡೆಗಣಿಸಿದ್ದೇವೆ. ಬೇಂದ್ರೆಯವರ ಕವಿತೆಯನ್ನು ಬರೆದವರು ಬೇಂದ್ರೆಯವರೇ, ಸರಿ. ಅದನ್ನು ರಾಜರತ್ನಂ ಅವರ ಪದದ ಪಕ್ಕದಲ್ಲಿ ಕೂರಿಸಿದವರು ಯಾರು? ಆ ಪಂಕ್ತಿಯನ್ನು ಹಾಕಿದವರು ಕವಿಗಳಲ್ಲ, ಪ್ರಾಧ್ಯಾಪಕರೂ ಅಲ್ಲ.

ಇನ್ನು ಉಚ್ಚಾರಣೆಯ ಮಾತು. ರತ್ನನ ಪದಗಳ ಭಾಷೆ ಮಲೆನಾಡಿನದಲ್ಲ, ಕರಾವಳಿಯದಂತೂ ಅಲ್ಲವೇ ಅಲ್ಲ. ಕರಾವಳಿಯ ಗಾಯಕರೊಬ್ಬರು ಬಯಲುಸೀಮೆಯ ಕುಡುಕನ ಮಾತನ್ನು ಹಾಡಿದಾಗ ಅದು ಯಾವ ಊರಿನ ಮಾತೂ ಆಗದೆ ಎಲ್ಲ ಊರಿನವರಿಗೂ ತಿಳಿಯುವ ಮಾತಾಯಿತು. ಪುಸ್ತಕದಲ್ಲಿ ಆ ಲಿಪಿರೂಪವನ್ನು ಕಂಡು ಮುಗ್ಗರಿಸುವ ಹೊಸನಗರದ ಓದುಗನೇ ಹಾಡಾಗಿ ಕೇಳಿದಾಗ ತಡೆಯಿಲ್ಲದೆ ನಕ್ಕನು. ಇದನ್ನು ‘ನ್ಯಾಯ ಒದಗಿಸುವುದು’ ಎನ್ನೋಣವೆ? ಪದ್ಯಕ್ಕೆ ಇಲ್ಲದಿದ್ದ ವ್ಯಾಪ್ತಿಯೊಂದನ್ನು ಅದಕ್ಕೆ ಸೇರಿಸುವುದಕ್ಕೆ ಬೇರೆ ಹೆಸರೇ ಬೇಕು.

ಗ್ರಾಮಫೋನು ತಟ್ಟೆಯ ಪ್ರಶ್ನೆ ಇದಕ್ಕಿಂತಲೂ ಸೂಕ್ಷ್ಮವಾದುದು. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಅರಗಿನ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಸುತ್ತಿದ್ದುದು ಸುಮಾರು ಮೂರು, ಮೂರೂವರೆ ನಿಮಿಷದ ಗಾಯನ. ಏಳೆಂಟು ನುಡಿಗಳ ಕವಿತೆ ಅದರಲ್ಲಿ ಇಡಿಯಾಗಿ ಕೂಡಲಾರದು. ಆದುದರಿಂದ ಯಾವ ನುಡಿ ಉಳಿಯಬೇಕು, ಯಾವುದು ಬೀಳಬೇಕು ಎಂಬ ತೀರ್ಮಾನವನ್ನು ಯಾರಾದರೂ ಮಾಡಲೇಬೇಕಾಗಿತ್ತು. ಆ ಮೇಲೆ ಪಲ್ಲವಿಯ ವಿಚಾರ. ನವೋದಯದ ಭಾವಗೀತೆ ಬಹುಮಟ್ಟಿಗೆ ಮುಂದಕ್ಕೆ ನಡೆಯುವ ರಚನೆ. ಮೊದಲ ನುಡಿಯಲ್ಲಿ ಎತ್ತಿದ ಭಾವ ಕೊನೆಯ ನುಡಿಯಲ್ಲಿ ಬೇರೊಂದು ಎಡೆಯನ್ನು ಮುಟ್ಟುತ್ತದೆ. ಹಾಡು ಹಾಗಲ್ಲ, ಪ್ರತಿಯೊಂದು ನುಡಿಯಾದ ಮೇಲೂ ಅದು ಪಲ್ಲವಿಗೆ ಮರಳುತ್ತದೆ. ಕವಿ ಒಮ್ಮೆ ಹೇಳಿ ದಾಟಿಹೋದ ಸಾಲನ್ನು ಗಾಯಕ ಆರು ಬಾರಿ ಹೇಳಿದಾಗ ಕವಿತೆಯ ತೂಕವೆಲ್ಲ ತುದಿಯಿಂದ ಮೊದಲಿಗೆ ಸರಿದುಬಿಡುತ್ತದೆ.

ಕುವೆಂಪು ಅವರ ‘ಬಾರಿಸು ಕನ್ನಡ ಡಿಂಡಿಮವ’ ಇದಕ್ಕೆ ಒಳ್ಳೆಯ ನಿದರ್ಶನ. ಪುಸ್ತಕದಲ್ಲಿ ಓದಿದರೆ ಅದು ಪ್ರಾರ್ಥನೆ. ನಾಡಿನ ಹೃದಯದಲ್ಲಿ ನೆಲೆಸಿದ ಶಿವನನ್ನು ಉದ್ದೇಶಿಸಿದ ಮೊರೆ. ಆ ಡಿಂಡಿಮವನ್ನು ಬಾರಿಸಬೇಕಾದವನು ಅವನು. ಸುಬ್ಬಣ್ಣನವರ ತಾರಸ್ಥಾಯಿಯ ತೆರೆದ ಕಂಠದಲ್ಲಿ ಕೇಳಿದರೆ ಆ ಸಂಬೋಧನೆ ಇಲ್ಲದೆ ಹೋಗುವುದಿಲ್ಲ. ಆದರೂ ಕಿವಿಯಲ್ಲಿ ನಿಲ್ಲುವುದು ಆಜ್ಞಾರ್ಥಕ ಕ್ರಿಯಾಪದ. ರಾಜ್ಯೋತ್ಸವದ ಮೆರವಣಿಗೆಯಲ್ಲಿ ಅದನ್ನು ಕೂಗುವವರು ಶಿವನಿಗೆ ಹೇಳುತ್ತಿಲ್ಲ, ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದಾರೆ. ಪ್ರಾರ್ಥನೆ ಕರೆಯಾಯಿತು. ಇದು ಕವಿತೆಗೆ ಆದ ಹಾನಿಯೆಂದು ಸಾಹಿತ್ಯದ ಗೆಳೆಯರು ವಾದಿಸಬಹುದು, ಅವರ ವಾದದಲ್ಲಿ ಹುರುಳಿಲ್ಲದಿಲ್ಲ. ನಾನು ಅದನ್ನು ಹಾನಿಯೆನ್ನಲಾರೆ, ಸೇವೆಯೆಂದೂ ಅನ್ನಲಾರೆ. ಅದು ಎರಡನೆಯದೊಂದು ಕೃತಿ. 1965ರ ‘ಮಿಸ್ ಲೀಲಾವತಿ’ ಚಲನಚಿತ್ರದಲ್ಲಿ ಅದೇ ಕವಿಯ ‘ದೋಣಿ ಸಾಗಲಿ’ ಯುಗಳಗೀತೆಯಾಗಿ ಬಂದಾಗಲೂ ಇಂಥದೇ ಸಂಭವಿಸಿತು. ಅದನ್ನು ಸಿನಿಮಾ ಹಾಡೆಂದೇ ತಿಳಿದು, ತಮ್ಮದೇ ಜಿಲ್ಲೆಯ ಕವಿಯದೆಂದು ಅರಿಯದೆ ಬೆಳೆದವರು ತೀರ್ಥಹಳ್ಳಿಯಲ್ಲಿಯೂ ಇದ್ದಾರು.

ಇಲ್ಲಿ ದೂರದ ಒಂದು ದೇಶದ ಕಡೆಗೆ ಕಣ್ಣು ಹಾಯಿಸುವುದು ಪ್ರಯೋಜನಕರ. ಇದೇ ದಶಕಗಳಲ್ಲಿ ಮೆಕ್ಸಿಕೋದಲ್ಲಿಯೂ ಬಾನುಲಿ, ತಟ್ಟೆ, ಚಲನಚಿತ್ರ ಈ ಮೂರೂ ಕೂಡಿ ಜನಪ್ರಿಯ ಸಂಗೀತವೊಂದನ್ನು ಬೆಳೆಸಿದವು. 1930ರಲ್ಲಿ ಮೆಕ್ಸಿಕೋ ನಗರದಲ್ಲಿ ಆರಂಭವಾದ ಎಕ್ಸ್‌ಇಡಬ್ಲ್ಯು ಎಂಬ ಬಾನುಲಿ ಕೇಂದ್ರ ಹಳ್ಳಿಗಾಡಿನ ‘ರಾಂಚೆರಾ’ ಹಾಡುಗಳನ್ನು ದೇಶಕ್ಕೆಲ್ಲ ಹಂಚಿತು. ಹೊರ್ಹೆ ನೆಗ್ರೆತೆ (1911–1953), ಪೆದ್ರೋ ಇನ್ಫಾಂತೆ (1917–1957) ಹಾಡುಗಾರರೂ ಹೌದು, ಬೆಳ್ಳಿತೆರೆಯ ನಾಯಕರೂ ಹೌದು. ಹಾಡು ಕಟ್ಟುವುದರಲ್ಲಿ ಎಲ್ಲರಿಗಿಂತ ಹೆಸರಾದ ಹೊಸೆ ಆಲ್ಫ್ರೆದೊ ಹಿಮೆನೆಸ್ (1926–1973) ಉಪಾಹಾರಗೃಹದಲ್ಲಿ ಪರಿಚಾರಕನಾಗಿ ದುಡಿದವನು; ವಾದ್ಯ ನುಡಿಸಲರಿಯನು, ಸ್ವರಲಿಪಿ ಬರೆಯಲರಿಯನು; ಬಾಯಲ್ಲಿ ಗುನುಗಿ ತೋರಿಸಿದುದನ್ನು ಬೇರೆಯವರು ಲಿಪಿಗಿಳಿಸುತ್ತಿದ್ದರು. ಅಲ್ಲಿ ಮಾತೂ ಧಾಟಿಯೂ ಒಂದೇ ಬಾಯಿಯಿಂದ ಹೊರಟುದರಿಂದ ಹಾಡು ಯಾರದೆಂಬ ವ್ಯಾಜ್ಯ ಈ ಬಗೆಯಲ್ಲಿ ಏಳಲಿಲ್ಲ. ನಮ್ಮಲ್ಲಿ ಹಾಡಿನ ಮಾತನ್ನು ಒದಗಿಸಿದವರಲ್ಲಿ ಬಹುಮಂದಿ ಕಾಲೇಜುಗಳ ಅಧ್ಯಾಪಕರು. ಕುವೆಂಪು 1956ರಿಂದ 1960ರ ವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳೇ ಆಗಿದ್ದರು. ಹಾಡಿದವರು ನಾಟಕ ಮಂಡಳಿಯಿಂದಲೋ ಕಾರ್ಖಾನೆಯಿಂದಲೋ ಬಂದವರು. ಸಿ. ಅಶ್ವತ್ಥರು (1939–2009) ಬೆಂಗಳೂರಿನ ಟೆಲಿಫೋನ್ ಕಾರ್ಖಾನೆಯ ನೌಕರಿಯಲ್ಲಿದ್ದುಕೊಂಡೇ ರಾಗ ಹಾಕಿದವರು. ಹೀಗಾಗಿ ಕವಿ–ಗಾಯಕರ ಮೇಲುಕೀಳಿನ ಎಣಿಕೆಯಲ್ಲಿ ವಿದ್ಯೆಯ, ಪದವಿಯ ಮೇಲುಕೀಳೂ ಗುಟ್ಟಾಗಿ ಬೆರೆತುಕೊಂಡಿದೆಯೆಂದು ನನ್ನ ಬಲವಾದ ಶಂಕೆ.

ಮೆಕ್ಸಿಕೋದ ಇನ್ನೊಂದು ಉದಾಹರಣೆ ನಮ್ಮನ್ನು ಹೆಚ್ಚು ಚುಚ್ಚತಕ್ಕುದು. 1944ರಲ್ಲಿ ರೂಪುಗೊಂಡ ‘ತ್ರಿಯೋ ಲೋಸ್ ಪಾಂಚೋಸ್’ ಎಂಬ ಮೂವರ ತಂಡದಲ್ಲಿ ಮೂವರ ದನಿಗಳೂ ಸಮಾನವಾಗಿ ಹೆಣೆದುಕೊಂಡವು, ಹೆಸರೂ ಮೂವರಿಗೂ ಸೇರಿಯೇ ಸಂದಿತು. ಕಾಳಿಂಗರಾಯರದೂ ಅನೇಕ ಹಾಡುಗಳಲ್ಲಿ ಮೂವರ ಗಾಯನವೇ: ಅವರೊಡನೆ ಮೋಹನಕುಮಾರಿ, ಸೋಹನಕುಮಾರಿ. ಅವರ ಧ್ವನಿಮುದ್ರಿಕೆಗಳನ್ನು ಗಮನವಿಟ್ಟು ಕೇಳಿದವರಿಗೆ ಆ ಇಬ್ಬರು ಗಾಯಕಿಯರು ಹಿನ್ನೆಲೆಯ ಮೇಳವಲ್ಲವೆಂಬುದು ಸ್ಪಷ್ಟ. ರಾಯರು ಸಾಲನ್ನು ಎತ್ತಿ ಬಿಟ್ಟಲ್ಲಿ ಅವರು ಅದನ್ನು ಹಿಡಿದು ಮರಳಿಸುತ್ತಾರೆ; ಒಬ್ಬ ವ್ಯಕ್ತಿಯ ಸ್ವಗತವಾಗಿದ್ದ ಪದ್ಯ ಆ ಮರುದನಿಯಿಂದ ಊರವರ ಮಾತಾಗುತ್ತದೆ. ಮಲೆನಾಡಿನ ಹೆಂಗಸರ ಹಸೆಹಾಡಿನಲ್ಲಿ ಒಬ್ಬರು ಹೇಳಿಕೊಟ್ಟು ಉಳಿದವರು ಹಿಂದೆ ಹೇಳುವ ಪದ್ಧತಿಗೂ ಇದಕ್ಕೂ ಹತ್ತಿರದ ಹೋಲಿಕೆಯುಂಟು. ಇಲ್ಲಿಯ ಮನೆಗಳಲ್ಲಿ ಈ ಹಾಡುಗಳು ಅಷ್ಟು ಬೇಗ ಒಗ್ಗಿಹೋದುದಕ್ಕೆ ಇದೂ ಒಂದು ಕಾರಣವಿರಬೇಕು. ಆದರೆ ರಾಯರಿಗೆ ಬಿರುದಿದೆ, ಶತಮಾನೋತ್ಸವವಿದೆ. ಆ ಇಬ್ಬರಿಗೆ ಬರೆಹಗಳಲ್ಲಿ ದೊರೆತುದು ಬಹುತೇಕ ‘ಜೊತೆಗೆ ಹಾಡುತ್ತಿದ್ದರು’ ಎಂಬ ಅರ್ಧ ವಾಕ್ಯ. ಹಾಡಿದವರಿಗೆ ಅನ್ಯಾಯವಾಗಿದೆಯೆಂದು ಹೊರಟ ಲೇಖನದಲ್ಲಿ ಇದನ್ನು ಹೇಳದೆ ಬಿಟ್ಟರೆ ನಾನೂ ಅದೇ ತಪ್ಪನ್ನು ಎಸಗಿದಂತಾಗುತ್ತದೆ.

ಬಾನುಲಿಯ ಕಡೆಗೆ ಬರೋಣ. 1935ರಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಸ್ಥಾಪಿಸಿದ ಪುಟ್ಟ ‘ಆಕಾಶವಾಣಿ’ಯ ದನಿ ಸಹ್ಯಾದ್ರಿಯ ಈ ಕಣಿವೆಗಳವರೆಗೆ ಬರುವಂತಿರಲಿಲ್ಲ. 1950ರಲ್ಲಿ ಧಾರವಾಡ, 1955ರಲ್ಲಿ ಬೆಂಗಳೂರು, ಕಡೆಗೆ 1965ರಲ್ಲಿ ಭದ್ರಾವತಿ ಕೇಂದ್ರಗಳು ಬಂದವು. ಇದರ ನಡುವೆ ಕೇಂದ್ರ ಸಚಿವರಾಗಿದ್ದ ಬಿ. ವಿ. ಕೇಸ್ಕರರು ಚಲನಚಿತ್ರ ಗೀತೆಗಳನ್ನು ಬಾನುಲಿಯಿಂದ ಹೊರಗಟ್ಟಿ, ಅವುಗಳ ಜಾಗದಲ್ಲಿ ಲಘುಸಂಗೀತವನ್ನು ತುಂಬಲು ಯತ್ನಿಸಿದುದು ಪ್ರಸಿದ್ಧವೇ ಇದೆ. ಅಖಿಲ ಭಾರತ ದೃಷ್ಟಿಯಿಂದ ಆ ನೀತಿ ಸೋತಿತು. 1957ರಲ್ಲಿ ವಿವಿಧ ಭಾರತಿ ಬಂದುದೇ ಅದಕ್ಕೆ ಸಾಕ್ಷಿ. ಆದರೆ ಕನ್ನಡದ ಮಟ್ಟಿಗೆ ಅದು ಅರಿಯದೆಯೇ ಒಂದು ಉಪಕಾರವನ್ನು ಮಾಡಿತು: ಕವಿತೆಯನ್ನು ಹಾಡುವವರಿಗೆ ನಿಯತವಾದ ಕೆಲಸವೂ ಕೇಳುಗರೂ ದೊರೆತರು. ಜೋಗದ ವಿದ್ಯುದಾಗಾರ 1948ರಷ್ಟು ಹಿಂದೆಯೇ ಆರಂಭವಾಗಿತ್ತು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಸಾಗರ, ಹೊಸನಗರ ತಾಲ್ಲೂಕುಗಳ ಹಳ್ಳಿಗಳು ಶರಾವತಿಯ ಹಿನ್ನೀರಿನಲ್ಲಿ ಮುಳುಗಿದವು. ಆ ನೀರಿನಿಂದ ಹುಟ್ಟಿದ ವಿದ್ಯುತ್ತು ನಾಡಿನ ನಗರಗಳಿಗೆ ಹರಿಯಿತು. ಇಲ್ಲಿಯ ಎಷ್ಟೋ ಮನೆಗಳವರು ಹಾಡು ಕೇಳಿದುದು ಬ್ಯಾಟರಿಯ ಟ್ರಾನ್ಸಿಸ್ಟರಿನಲ್ಲಿ.

ಸುಬ್ಬಣ್ಣನವರು ಬಾನುಲಿಗೆ ಬಂದುದು ಈ ಹಂತದಲ್ಲಿ, 1963ರಲ್ಲಿ. ವಕೀಲಿ ವೃತ್ತಿಯವರು, ಹಾಡು ಅವರಿಗೆ ಜೀವನೋಪಾಯವಾಗಿ ಆರಂಭವಾದುದಲ್ಲ. ಕಾಳಿಂಗರಾಯರಲ್ಲಿ ನಟನೊಬ್ಬನಿದ್ದಾನೆ, ಪಾತ್ರವಾಗಿ ಹಾಡುತ್ತಾರೆ. ಸುಬ್ಬಣ್ಣನವರಲ್ಲಿ ನಟನಿಲ್ಲ, ಬಯಲಿನಲ್ಲಿ ನಿಂತು ಕೂಗಿ ಕರೆಯುವವನಿದ್ದಾನೆ. ಗಮಕಗಳನ್ನು ಮಿತಗೊಳಿಸಿ, ಮಾತಿನ ಅಕ್ಷರಗಳನ್ನು ಬಿಡಿಬಿಡಿಯಾಗಿ ಎತ್ತಿ ನಿಲ್ಲಿಸುವ ಅವರ ರೀತಿಗೆ ಮಿತಿಗಳೂ ಉಂಟು. ಮೃದುವಾದ ಒಲವಿನ ಕವಿತೆಗಳು ಆ ಗಂಟಲಿಗೆ ಅಷ್ಟಾಗಿ ಒಲಿಯಲಿಲ್ಲವೆಂದು ನನ್ನ ಅಭಿಪ್ರಾಯ. ಚಂದ್ರಶೇಖರ ಕಂಬಾರರು ಬರೆದು ನಿರ್ದೇಶಿಸಿದ ‘ಕಾಡು ಕುದುರೆ’ಯ ಶೀರ್ಷಿಕೆಯ ಹಾಡಿಗಾಗಿ 1978ನೆಯ ಸಾಲಿನ ರಾಷ್ಟ್ರೀಯ ಪ್ರಶಸ್ತಿ ಅವರಿಗೆ ಸಂದಿತು, ಹಿನ್ನೆಲೆ ಗಾಯನಕ್ಕೆ ಆ ಗೌರವವನ್ನು ಪಡೆದ ಮೊದಲ ಕನ್ನಡಿಗರು ಅವರು. ಬೆಳಗಾವಿ ಸೀಮೆಯ ನುಡಿಯ ಹಾಡು, ಬಿದನೂರಿನ ಕಂಠ. ಅದೇ 1978ರಲ್ಲಿ ಮೈಸೂರು ಅನಂತಸ್ವಾಮಿಯವರ (1936–1995) ಸಂಯೋಜನೆಯ ‘ನಿತ್ಯೋತ್ಸವ’ ಧ್ವನಿಸುರುಳಿಯಾಗಿ ಹೊರಬಂದು, ತಟ್ಟೆಯ ಮೂರು ನಿಮಿಷದ ಕಟ್ಟುಪಾಡಿನಿಂದ ಭಾವಗೀತೆಯನ್ನು ಬಿಡಿಸಿತು. ಆ ಬಿಡುಗಡೆಯ ಫಲ ಎಲ್ಲೆಡೆಯೂ ಒಳ್ಳೆಯದಾಯಿತೆನ್ನಲಾರೆ. ಕಾಲಾವಕಾಶ ಹೆಚ್ಚಿದುದರಿಂದ ಕವಿತೆಯ ನುಡಿಗಳೇನೂ ಹೆಚ್ಚಲಿಲ್ಲ. ಎಷ್ಟೋ ಮುದ್ರಿಕೆಗಳಲ್ಲಿ ವಾದ್ಯಗಳ ಗದ್ದಲವೇ ಹೆಚ್ಚಿತು.

ಹಾಡು ಯಾರದೆಂಬ ಪ್ರಶ್ನೆ ಬರಿಯ ಪಾಂಡಿತ್ಯದ್ದಲ್ಲವೆಂಬುದನ್ನು ನಾಡಗೀತೆಯ ಪ್ರಕರಣ ತೋರಿಸಿಕೊಟ್ಟಿತು. ಕುವೆಂಪು ಅವರ ‘ಜಯ ಭಾರತ ಜನನಿಯ ತನುಜಾತೆ’ಯನ್ನು ಸರ್ಕಾರ 2004ರಲ್ಲಿ ನಾಡಗೀತೆಯೆಂದು ಘೋಷಿಸಿತು. ಮಾತು ನಿಶ್ಚಯವಾಯಿತು; ಧಾಟಿ ಯಾವುದೆಂಬುದು ನಿಶ್ಚಯವಾಗಲು ಮತ್ತೆ ಹದಿನೆಂಟು ವರ್ಷಗಳು ಹಿಡಿದವು. ಅನಂತಸ್ವಾಮಿಯವರದೆ, ಅಶ್ವತ್ಥರದೆ ಎಂದು ಎರಡು ಪಕ್ಷಗಳಾದುವು, ಸಮಿತಿಗಳು ಕುಳಿತವು. ಕಡೆಗೆ 2022ರ ಸೆಪ್ಟೆಂಬರಿನಲ್ಲಿ ಅನಂತಸ್ವಾಮಿಯವರ ಧಾಟಿಯಲ್ಲಿ, ಆಲಾಪವಿಲ್ಲದೆ, ಸಾಲುಗಳ ಪುನರಾವರ್ತನೆಯಿಲ್ಲದೆ, 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡತಕ್ಕುದೆಂದು ಆದೇಶವಾಯಿತು. ಶಾಲೆಯ ಮಕ್ಕಳು ಬಿಸಿಲಿನಲ್ಲಿ ನಿಂತು ಹಾಡುವ ಗೀತೆಗೆ ಮಿತಿ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆದೇಶ ಯಾವುದನ್ನು ತೆಗೆದುಹಾಕಿತೆಂಬುದನ್ನು ಗಮನಿಸಬೇಕು. ಆಲಾಪ, ಪುನರಾವರ್ತನೆ: ಇವೆರಡೂ ಹಾಡುವವರ ಪಾಲಿಗೆ ಸೇರಿದ ಭಾಗಗಳು. ಒಂದು ಕವಿತೆಗೆ ಎರಡು ಧಾಟಿಗಳಿದ್ದಾಗ ಜನ ಎರಡು ಪಂಗಡವಾಗಿ ಸೆಣಸಿದರೆಂದರೆ, ಧಾಟಿಯೆಂಬುದು ಕವಿತೆಯ ಮೇಲೆ ಹೊದಿಸಿದ ಬಟ್ಟೆಯಲ್ಲವೆಂದು ಜನ ಬಲ್ಲರೆಂದೇ ಅರ್ಥ. ಹೊದಿಕೆಗಾಗಿ ಯಾರೂ ಹದಿನೆಂಟು ವರ್ಷ ಹೊಡೆದಾಡುವುದಿಲ್ಲ.

ಕೊನೆಯದಾಗಿ ಒಂದು ಬಗೆಯ ಆಕರವನ್ನು ಕುರಿತು ಹೇಳಬೇಕಾಗಿದೆ. ಮಲೆನಾಡಿನ ಮನೆಗಳಲ್ಲಿ ಹೆಂಗಸರು ಹಾಡುಗಳನ್ನು ಬರೆದಿಟ್ಟುಕೊಳ್ಳುವ ನೋಟುಪುಸ್ತಕಗಳುಂಟು. ‘ಹಾಡಿನ ಪುಸ್ತಕ’ವೆಂದೇ ಅವುಗಳಿಗೆ ಹೆಸರು. ಹೊಸನಗರ, ತೀರ್ಥಹಳ್ಳಿ ಕಡೆಯ ಬಂಧುಗಳ ಮನೆಗಳಲ್ಲಿ ಇಂಥ ಕೆಲವನ್ನು ನಾನು ನೋಡಿದ್ದೇನೆ. ಆರತಿ ಹಾಡು, ಹಸೆ ಹಾಡು, ದೇವರನಾಮಗಳ ನಡುವೆ ಬಾನುಲಿಯಿಂದ ಕೇಳಿ ಬರೆದುಕೊಂಡ ಭಾವಗೀತೆಗಳು. ಅವುಗಳಲ್ಲಿ ಇರುವುದು ಹಾಡಿಕೆಯಲ್ಲಿ ಉಳಿದ ನುಡಿಗಳಷ್ಟೇ, ಹಾಡಿಕೆಯ ಕ್ರಮದಲ್ಲಿಯೇ. ಪಲ್ಲವಿ ಮರಳುವ ಕಡೆಯಲ್ಲೆಲ್ಲ ಮೊದಲೆರಡು ಅಕ್ಷರ ಬರೆದು ಒಂದು ಗೆರೆ. ಒಂದು ಪುಸ್ತಕದಲ್ಲಿ ಬೇಂದ್ರೆಯವರ ಕವಿತೆಯೊಂದರ ತಲೆಯ ಮೇಲೆ ‘ಕಾಳಿಂಗರಾಯರ ಹಾಡು’ ಎಂದಿತ್ತು. ಕವಿಯ ಹೆಸರು ಇರಲಿಲ್ಲ. ಬರೆದ ಅಜ್ಜಿಯವರನ್ನು, ಇದು ಬೇಂದ್ರೆಯವರದಲ್ಲವೆ ಎಂದು ಕೇಳಿದೆ. ‘ಹೌದನೋ, ಬರದದ್ದು ಅವರೇ ಇರ್‌ಬೌದು ಮಾರಾಯ. ನಾ ಕೇಳಿದ್ದು ಇವರ ಬಾಯಲ್ಲಿ’ ಎಂದರು. ಆ ಪುಸ್ತಕವನ್ನು ನೆರಳಚ್ಚು ಮಾಡಿಸಿಕೊಳ್ಳಲು ಮುಂದಿನ ಬೇಸಗೆಯಲ್ಲಿ ಹೋದಾಗ ಮಳೆಗಾಲದ ತೇವಕ್ಕೆ ನಡುವಿನ ಹಾಳೆಗಳು ಒಂದಕ್ಕೊಂದು ಅಂಟಿ, ಶಾಯಿ ಹರಡಿ, ಹನ್ನೊಂದು ಹಾಡುಗಳು ಮಾತ್ರ ಓದುವಂತಿದ್ದವು. ಅವನ್ನು ನಕಲು ಮಾಡಿ ವಿಭಾಗದ ಕಪಾಟಿನಲ್ಲಿ ಇರಿಸಿದೆ.